ನಡಾವಳಿ

ವುಲಿಚ್ ಪುರಭವನ, ಮೂರನೇ ಮಹಡಿ. ಹತ್ತು ಗಂಟೆ ಹತ್ತು ನಿಮಿಷ.
ಹಾಜರಿ: ಹನ್ನೊಂದು ಮಂದಿ, ಎರಡು ಫ್ಲಾಸ್ಕು, ಒಂದು ನಕ್ಷೆ.
ನಕ್ಷೆಯ ಮೇಲೆ ಥೇಮ್ಸ್, ತಿಳಿನೀಲಿ.
ಇಪ್ಪತ್ತೆರಡು ವರ್ಷದಿಂದ ಈ ನದಿಯ ಮಾತು ಬರೆದುಕೊಳ್ಳುತ್ತಿದ್ದೇನೆ,
ಒಂದು ದಿನವೂ ಅದು ನೀಲಿ ಇದ್ದದ್ದು ಕಂಡಿಲ್ಲ.
ಹಾಲು ಕಮ್ಮಿಯಾದ ಚಹದ ಬಣ್ಣ,
ದಿನಕ್ಕೆರಡು ಸಲ ಬಂದ ದಾರಿಗೇ ವಾಪಸು ಹರಿಯುತ್ತದೆ.
ಸಮಿತಿಗೆ ಅದರಿಂದ ಒಂದು ಬಗೆಯ ಧೈರ್ಯ.

ನನ್ನ ಕಸುಬಿನಲ್ಲಿ ಕರ್ತೃವಿಗೆ ಜಾಗವಿಲ್ಲ.
ಚರ್ಚಿಸಲಾಯಿತು. ಪರಿಶೀಲಿಸಲಾಯಿತು.
ನನ್ನ ವಾಕ್ಯಗಳಲ್ಲಿ ಯಾರೂ ಏನೂ ಮಾಡುವುದಿಲ್ಲ,
ಎಲ್ಲ ತಾನಾಗಿ ಆಗುತ್ತದೆ.
ಹೆಚ್ಚಾಗಿ, ಆಗುವುದಿಲ್ಲ.

ಇವತ್ತು ಮೇಜಿನ ಮೇಲೆ ಮೂರು ಸೇತುವೆ.
ಮೊದಲನೆಯದನ್ನು ಎಂಜಿನಿಯರ್ ಹ್ಯಾಲೊರನ್ ಕಟ್ಟಿಯೇ ತೋರಿಸಿದರು,
ಎರಡು ಬಿಸ್ಕತ್ತಿನ ಗೋಪುರ, ಮೇಲೊಂದು ಪೆನ್ಸಿಲು:
ಹಡಗು ದಾಟಬೇಕಾದರೆ ಇಷ್ಟು ಎತ್ತರ ಬೇಕೇ ಬೇಕು,
ವಿಮಾನ ಇಳಿಯಬೇಕಾದರೆ ಇಷ್ಟು ಎತ್ತರ ಕೂಡದು.
ಪೆನ್ಸಿಲು ಮೇಲೆ ಹೋಯಿತು, ಕೆಳಗೆ ಬಂತು.
ಹಡಗಿನ ಕಡೆಯವರು ಕೆಮ್ಮಿದರು.
ವಿಮಾನದ ಕಡೆಯವರು ಕೈಚಾಚಿ ಒಂದು ಬಿಸ್ಕತ್ತು ತಿಂದರು.
ದಕ್ಷಿಣದ ದಡ ಕೊಂಚ ತಗ್ಗಿತು.

ಖಜಾನೆಯಿಂದ ಬಂದವನು ಇನ್ನೂ ಹುಡುಗ, ಕುತ್ತಿಗೆಗೆ ಬಿಗಿದ ಟೈ.
ಸುಂಕ ಹಾಕಿದರೆ ಜನ ದಾಟುವುದಿಲ್ಲ ಎಂದ,
ಹಾಕದಿದ್ದರೆ ಎಲ್ಲರೂ ದಾಟಿಬಿಡುತ್ತಾರೆ ಎಂದ.
ಎರಡೂ ಹೊರೆಯೇ.
ಗಮನಿಸಲಾಯಿತು.

ಸಾರ್ವಜನಿಕರಿಗೆ ತಲಾ ಮೂರು ನಿಮಿಷ.

ಉತ್ತರ ದಡದ ವಿನಿಫ್ರೆಡ್ ಟಪ್ಪರ್, ಎಪ್ಪತ್ತರ ಮೇಲೆ,
ಕೈಚೀಲದಿಂದ ಒಂದು ಇನ್‌ಹೇಲರ್ ತೆಗೆದು ನಕ್ಷೆಯ ಮೇಲಿಟ್ಟರು.
ಮೊಮ್ಮಗನದು.
"ನಿಮ್ಮ ರಸ್ತೆ ನನ್ನ ಅಡುಗೆಮನೆ ಕಿಟಕಿಗೆ ಹದಿನಾಲ್ಕು ಹೆಜ್ಜೆ.
ಎಣಿಸಿದೀನಿ, ಚಪ್ಪಲಿ ಹಾಕ್ಕೊಂಡು.
ಬೂಟಿನಲ್ಲಾದರೆ ಹದಿಮೂರೇ."

ದಕ್ಷಿಣ ದಡದ ಅರಾಬಾ ಕ್ವಾನ್ಸಾ, ನರ್ಸು,
ರಾತ್ರಿಪಾಳಿ ಮುಗಿಸಿ ನೇರ ಇಲ್ಲಿಗೇ ಬಂದವರು,
ನಿಂತಾಗ ಕುರ್ಚಿಯ ಬೆನ್ನು ಹಿಡಿದುಕೊಂಡರು.
"ನನ್ನ ಕಿಟಕಿಯಿಂದ ಆಚೆ ದಡ ಅಂಗೈ ಥರ ಕಾಣುತ್ತೆ.
ಯಾರ ಮನೆ ಬಟ್ಟೆ ಯಾವತ್ತು ಒಣಗುತ್ತೆ ಅನ್ನೋದೂ ಗೊತ್ತು,
ಗುರುವಾರ ಒಂದು ಕೆಂಪು ಹೊದಿಕೆ, ತಪ್ಪಿದ್ದೇ ಇಲ್ಲ.
ಅಲ್ಲಿ ನನ್ನ ಆಸ್ಪತ್ರೆ. ಮುಟ್ಟೋಕೆ
ಎರಡು ಬಸ್ಸು, ಒಂದು ಸುರಂಗ, ಒಂದೂವರೆ ಗಂಟೆ."

"ಅಂಚಿಗೆ ಬಿಳಿ ಪಟ್ಟಿ ಇರೋದಾ?" ಎಂದರು ವಿನಿಫ್ರೆಡ್.

"ಬಿಳಿ ಪಟ್ಟಿ. ಹೌದು."

"ಅವನದೇ. ಧೂಳಾಗಲ್ಲ ಅವನಿಗೆ. ವಾರವಾರ ಒಗೀತೀನಿ."

ಅಧ್ಯಕ್ಷರು ಪೆನ್ನಿನಿಂದ ಲೋಟ ಬಡಿದರು:
ಸಭೆಯಲ್ಲಿ ನೇರ ಮಾತುಕತೆ ಇಲ್ಲ,
ಏನಿದ್ದರೂ ಪೀಠದ ಮೂಲಕ ಮಾತಾಡತಕ್ಕದ್ದು.
ಇಬ್ಬರೂ ಪೀಠವನ್ನು ನೋಡಿದರು.
ಪೀಠದ ಮೂಲಕ ಹೇಳುವಂಥದ್ದು ಇಬ್ಬರಿಗೂ ಏನೂ ಉಳಿದಿರಲಿಲ್ಲ.

ಮತ್ತೊಂದು ಅಧ್ಯಯನಕ್ಕೆ ಒಪ್ಪಲಾಯಿತು.
ಮುಂದಿನ ಸಭೆ ಮಾರ್ಚಿನಲ್ಲಿ.
ಮುರಿದ ಸೇತುವೆಯನ್ನು ಜವಾನ ಬಟ್ಟೆಯಲ್ಲಿ ಒರೆಸಿಕೊಂಡ.

ಮಂಜಿಗೆ ದೋಣಿ ನಿಂತಿತ್ತು. ಸುರಂಗದ ಲಿಫ್ಟು
ನಿಂತು ಎಷ್ಟು ದಿನವಾಯಿತೋ, ಚೀಟಿಯ ಶಾಯಿಯೇ ಮಾಸಿದೆ.
ಮೆಟ್ಟಿಲಿಳಿದೆವು, ವಿನಿಫ್ರೆಡ್ ಮತ್ತು ನಾನು,
ಬಿಳಿ ಹೆಂಚಿನ ಆ ಉದ್ದನೆಯ ಕೊಳವೆಯಲ್ಲಿ.
ತಲೆಯ ಮೇಲೆ ನದಿ,
ನದಿಯ ಮೇಲೆ ಮೂರು ಇಲ್ಲದ ಸೇತುವೆ,
ಅದಕ್ಕೂ ಮೇಲೆ ಇಳಿಯಲು ಕಾಯುತ್ತಿರುವ ಯಾವುದೋ ವಿಮಾನ.
ನಡುಮಧ್ಯೆ ಅವರು ಉಸಿರಿಗಾಗಿ ನಿಂತರು.
ಗೋಡೆಯಲ್ಲಿ ಎಲ್ಲೋ ಒಂದು ಹನಿ.

"ಹೊದಿಕೆ ವಿಷಯ ಬರಕೊಂಡೆಯಾ?"

ಇಲ್ಲ ಎಂದೆ. ಅದು ಕಾರ್ಯಸೂಚಿಯಲ್ಲಿರಲಿಲ್ಲ.

"ಬರಿ," ಎಂದು ನಡೆಯತೊಡಗಿದರು.

ರಾತ್ರಿ ಪ್ರತಿ ತಿದ್ದುವಾಗ ಏಳನೇ ಅಂಶದ ಕೆಳಗೆ ಬರೆದೆ:
ಅರಾಬಾ ಕ್ವಾನ್ಸಾ ಹೇಳಿದರು. ವಿನಿಫ್ರೆಡ್ ಟಪ್ಪರ್ ಕೇಳಿದರು.
ಕೆಂಪು. ಅಂಚಿಗೆ ಬಿಳಿ ಪಟ್ಟಿ. ಗುರುವಾರ.

ಮಾರ್ಚಿನಲ್ಲಿ ಅದನ್ನು ತೆಗೆದುಹಾಕಲಾಗುವುದು.